ತಂದೆ ಯಾರೆಂದು ಹುಡುಕಲು ಡಿಎನ್‌ಎ ಅರ್ಧ, ಪಹಣಿ ಅರ್ಧ

ತಂದೆ ಯಾರೆಂದು ತಿಳಿಯದವರು ಡಿಎನ್‌ಎ ಪರೀಕ್ಷೆಗೆ ಎಂಜಲು ಕೊಡುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಮಲೆನಾಡಿನಲ್ಲಿ ಎಲೆಅಡಿಕೆಯನ್ನೂ ಸೇರಿಸಿ ಹೇಳಬೇಕು! ಮಾಡಿಸಬೇಕಾದದ್ದು ಆಟೋಸೋಮಲ್ ಪರೀಕ್ಷೆ, ಅಂದರೆ ತಂದೆ–ತಾಯಿ ಎರಡೂ ಕಡೆಯ ನೆಂಟರನ್ನು ತೋರಿಸುವಂಥದ್ದು. ತಾಯಿ ಒಪ್ಪಿದರೆ ಅವರದ್ದನ್ನೂ ಜೊತೆಗೇ ಕಳಿಸಿ. ನಿಮ್ಮ ಡಿಎನ್‌ಎ ಜೊತೆ ಹೊಂದುವವರ ಪಟ್ಟಿಯಲ್ಲಿ ತಾಯಿಗೂ ಹೊಂದುವವರನ್ನು ಪಕ್ಕಕ್ಕಿಟ್ಟರೆ ಉಳಿದವರು ತಂದೆ ಕಡೆಯವರು. ತಾಯಿ ಇಲ್ಲದಿದ್ದರೆ ಸೋದರಮಾವನೋ ಚಿಕ್ಕಮ್ಮನೋ ಆದೀತು, ಆದರೆ ಅವರಿಂದ ಪಟ್ಟಿ ಪೂರ್ತಿ ಸೋಸುವುದಿಲ್ಲ. ಪರೀಕ್ಷೆಯ ಕಚ್ಚಾ ದತ್ತಾಂಶವನ್ನು ಜೆಡ್‌ಮ್ಯಾಚ್‌ಗೂ (ಬೇರೆ ಬೇರೆ ಕಂಪನಿಗಳಲ್ಲಿ ಪರೀಕ್ಷೆ ಮಾಡಿಸಿದವರನ್ನು ಹೋಲಿಸುವ ಜಾಲತಾಣ) ಏರಿಸಿ.

ಹಂಚಿಕೊಂಡ ಡಿಎನ್‌ಎಯ ಅಳತೆ ಸೆಂಟಿಮಾರ್ಗನ್. ತಂದೆ ಒಬ್ಬರೇ, ತಾಯಿ ಬೇರೆಯಾದ ಮಕ್ಕಳ ನಡುವೆ ಸರಾಸರಿ 1750, ಚಿಕ್ಕಪ್ಪನ ಮಕ್ಕಳೊಂದಿಗೆ ಸುಮಾರು 850, ಅಜ್ಜಂದಿರು ಒಡಹುಟ್ಟಿದವರಾಗಿದ್ದರೆ 230ರ ಆಸುಪಾಸು. ಹೆಚ್ಚಿನವರು ಎಡವುವುದು ಇಲ್ಲೇ. ಅಕ್ಕನ ಮಗಳು, ಸೋದರತ್ತೆ ಮಗ ಎಂದು ಬಳಗದೊಳಗೇ ಕೊಟ್ಟು ತಂದ ಮನೆತನಗಳಲ್ಲಿ ಲೆಕ್ಕ ಉಬ್ಬುತ್ತದೆ. ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಹಾಗಾಗಿ ಒಟ್ಟು ಮೊತ್ತಕ್ಕಿಂತ ಹಂಚಿಕೊಂಡ ಡಿಎನ್‌ಎಯ ಒಂದೊಂದು ತುಂಡಿನ ಉದ್ದ ನೋಡಿ. ಎಂಟು–ಹತ್ತರ ಸಣ್ಣ ತುಂಡುಗಳೇ ಸೇರಿ 100 ಆಗಿದ್ದರೆ ಅದು ಹಳೇ ನೆಂಟಸ್ತಿಕೆ. ಅದೇ 100ರಲ್ಲಿ 50ರ ಒಂದು ತುಂಡಿದ್ದರೆ ಆ ಮನೆಯ ಬೆನ್ನು ಹತ್ತಬಹುದು. ತಾಯಿ–ತಂದೆ ಒಂದೇ ಬಳಗದವರಾಗಿದ್ದರೆ ಪಕ್ಕಕ್ಕಿಟ್ಟವರನ್ನೂ ಮತ್ತೆ ನೋಡಬೇಕು.

ಇನ್ನು ಕಾಗದ. ಹೊಂದಿಕೆಯಾದವರ ಅಜ್ಜನ ಹೆಸರು ತಿಳಿದರೆ ತಾಲ್ಲೂಕು ಕಚೇರಿಯಲ್ಲಿ ಹಳೇ ಪಹಣಿ, ಪೌತಿ ಖಾತೆಯ ಮ್ಯುಟೇಶನ್ (ಸತ್ತವರ ಜಮೀನು ವಾರಸುದಾರರಿಗೆ ವರ್ಗವಾದ ದಾಖಲೆ) ಕೇಳಿ. ವಾರಸುದಾರರ ಹೆಸರು ಸಿಗುತ್ತದೆ. ಹಳೇ ದಾಖಲೆಗಳಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುವುದು ಮಾಮೂಲು. ಮನೆಯ ಹಿರಿಯರಲ್ಲಿ ‘ನಿಮಗೆ ಯಾರ ಸೂತಕ ಬರುತ್ತದೆ’ ಎಂದು ಕೇಳಿದರೆ ದಾಯಾದಿಗಳ ಪಟ್ಟಿ ಕಚೇರಿಗಿಂತ ಬೇಗ ಬರುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ಎದ್ದು ಬಂದ ಕುಟುಂಬಗಳ ವಿಷಯದಲ್ಲಿ ಈಗಿನ ವಿಳಾಸ ನಂಬಬೇಡಿ. ಶಿವಮೊಗ್ಗ ತಾಲ್ಲೂಕಿನ ಮನೆಯ ಮೂಲ ಸಾಗರ, ಹೊಸನಗರದ ಮುಳುಗಿದ ಊರಿರಬಹುದು.

ಹುಟ್ಟಿದ ದಿನದಿಂದ 38 ವಾರ ಹಿಂದೆ ಎಣಿಸಿ, ಆಗ ಊರಿನಲ್ಲಿದ್ದವರು ಯಾರೆಂದು ನೋಡಿ. ಶಾಲಾ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಬಹುಪಾಲು ಮೇಷ್ಟ್ರು ಬರೆದುಕೊಂಡ ದಿನಾಂಕ. ಜನನ ನೋಂದಣಿ ತೆಗೆಸಿ.

ಕೊನೆಗೆ ಅಣ್ಣ ತಮ್ಮ ಇಬ್ಬರು ಉಳಿದರೆ ತಂದೆಯಿಂದ ಗಂಡುಮಕ್ಕಳಿಗಷ್ಟೇ ಬರುವ ವೈ–ಡಿಎನ್‌ಎ ಬಿಡಿಸಿ ಹೇಳಲಾರದು, ಇಬ್ಬರದ್ದೂ ಒಂದೇ. ಒಬ್ಬರ ಮಗನೋ ಮಗಳೋ ಒಪ್ಪಿ ಆಟೋಸೋಮಲ್ ಮಾಡಿಸಿದರೆ 1750ರ ಹತ್ತಿರವೋ (ಅವರೇ ತಂದೆ) 850ರ ಹತ್ತಿರವೋ (ಇನ್ನೊಬ್ಬರು) ಎಂಬುದರಲ್ಲೇ ಉತ್ತರವಿರುತ್ತದೆ. ಯಾಕೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಆಸ್ತಿಯ ವ್ಯಾಜ್ಯವಿದ್ದರೆ ಮನೆಯಲ್ಲಿ ತೆಗೆದ ಮಾದರಿ ಸಾಲದು. ನ್ಯಾಯಾಲಯದ ಆದೇಶದಂತೆ, ಗುರುತು ಪರಿಶೀಲಿಸಿ ಪಡೆದ ಮಾದರಿಯೇ ಬೇಕು.