ಚೀಲದ ಜೊತೆಗೆ ಏನೇನು ತೆಗೆದರು?

ಮೇ ತಿಂಗಳಲ್ಲಿ ಕಲಬುರಗಿಯ ಹೆಣ್ಣುಮಗಳೊಬ್ಬಳು "ಮೈಯೆಲ್ಲಾ ಉರೀತದ ಮೇಡಂರೀ" ಅಂದರೆ ಜೊತೆಗೆ ಬಂದವರು ಬಿಸಿಲಿನ ಮೇಲೆ ಹಾಕುತ್ತಾರೆ. ನಾನು ಮಾತ್ರ, "ಸಂಕ್ರಾಂತಿ ಚಳಿಯಾಗೂ ಹಿಂಗೇ ಆಗಿತ್ತೇನವ್ವಾ?" ಎಂದು ಕೇಳುತ್ತೇನೆ. ಹೌದು ಅಂದರೆ ಮುಂದಿನ ಪ್ರಶ್ನೆ: "ಚೀಲ ತೆಗಿಸೀರೇನು? ಆವಾಗ ನಿನಗ ವಯಸ್ಸೆಷ್ಟು?"

ಚಿಂಚೋಳಿ, ಆಳಂದ ಕಡೆಯ ತಾಂಡಾಗಳಿಂದ ಬರುವವರಲ್ಲಿ ಮೂವತ್ತರ ಆಸುಪಾಸಿನಲ್ಲೇ ಗರ್ಭಚೀಲ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ಬಿಳಿ ಸೆರಗು, ಹೊಟ್ಟೆನೋವು ಅಂತ ಹೋದವರು ಆಪರೇಷನ್ ಮಾಡಿಸಿಕೊಂಡು ಬಂದಿರುತ್ತಾರೆ. ಅಂಡಾಶಯವನ್ನೂ ತೆಗೆದರೋ ಉಳಿಸಿದರೋ ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಬೇಕಾದ ಮಾಹಿತಿ ಅದೇ. ಚೀಲ ಮಾತ್ರ ಹೋದರೆ ಮುಟ್ಟು ನಿಲ್ಲುತ್ತದೆ. ಎರಡೂ ಅಂಡಾಶಯ ಹೋದರೆ ಅವು ತಯಾರಿಸುವ ಈಸ್ಟ್ರೋಜನ್ ಹಾರ್ಮೋನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ, ಮೈ ಉರಿ ಶುರುವಾಗುವುದು ಅದರಿಂದಲೇ. ರಕ್ತನಾಳಗಳ ಗೋಡೆ ಮೃದುವಾಗಿರಲು, ಕೆಟ್ಟ ಕೊಲೆಸ್ಟ್ರಾಲ್ ಏರದಿರಲು ಆ ಹಾರ್ಮೋನಿನ ನೆರವಿರುತ್ತದೆ. ಐವತ್ತರವರೆಗೆ ಸಿಗಬೇಕಾದದ್ದು ಮೂವತ್ತೆರಡಕ್ಕೇ ನಿಂತರೆ ಹೃದಯಕ್ಕೂ ಮೂಳೆಗೂ ನಷ್ಟ. ಆ ಕೊರತೆ ತುಂಬಲು ಹಾರ್ಮೋನನ್ನೇ ಔಷಧಿಯಾಗಿ ಕೊಡುತ್ತೇವೆ.

ಇದು ಗೊತ್ತಿದ್ದೂ ನಾನು ಒಮ್ಮೆ ತಪ್ಪಿದ್ದೇನೆ. 2002ರ ಜುಲೈನಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 16,608 ಮಹಿಳೆಯರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂಥ ಔಷಧಿ) ಕೂಡಿದ ಮಾತ್ರೆ ತೆಗೆದುಕೊಂಡವರಿಗೆ ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಸುದ್ದಿ ಓದಿ ಗಾಬರಿಯಾಗಿ ನಾನು ಬರೆದುಕೊಟ್ಟಿದ್ದ ಹಾರ್ಮೋನುಗಳನ್ನೆಲ್ಲ ನಿಲ್ಲಿಸಿದೆ. ಅವರಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡಿದ್ದ ಮೂವತ್ತನಾಲ್ಕರ ಒಬ್ಬಾಕೆಯೂ ಇದ್ದಳು. ನಲವತ್ತಾರಕ್ಕೆ ಆಕೆಗೆ ಹೃದಯಾಘಾತವಾಯಿತು. ಬಿಪಿ ಇತ್ತು, ತಂಬಾಕೂ ಇತ್ತು. ಹಾರ್ಮೋನ್ ನಿಲ್ಲಿಸಿದ್ದಕ್ಕೇ ಆಯಿತು ಎನ್ನಲಾರೆ. ಆದರೆ ಆ ಚೀಟಿ ಹರಿದದ್ದು ನನ್ನ ಕೈ. ಅದನ್ನು ಮರೆತಿಲ್ಲ.

ಆ ಅಧ್ಯಯನವನ್ನು ಆಮೇಲೆ ಕೂತು ಸರಿಯಾಗಿ ಓದಿದೆ. ಅದರಲ್ಲಿದ್ದವರು 50ರಿಂದ 79 ವರ್ಷದವರು, ಸರಾಸರಿ 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಹೃದಯದ ತೊಂದರೆ ಹೆಚ್ಚಾದದ್ದು ವರ್ಷಕ್ಕೆ 10,000 ಮಂದಿಯಲ್ಲಿ 7 ಜನರಿಗೆ. ಮೂವತ್ತನಾಲ್ಕರ ನನ್ನ ಹುಡುಗಿ ಆ ಗುಂಪಿನವಳೇ ಅಲ್ಲ. ಈಗ ವೈದ್ಯಲೋಕ ಒಪ್ಪಿರುವುದು ಹೀಗೆ: ಅರವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ, ಮೈ ಕಾವು ಬೆವರಿನಿಂದ ಬಳಲುವ ಆರೋಗ್ಯವಂತ ಹೆಣ್ಣಿಗೆ ಹಾರ್ಮೋನಿನಿಂದ ಅಪಾಯಕ್ಕಿಂತ ಲಾಭ ಹೆಚ್ಚು. ಬೇಗ ನಿಂತವರಿಗೆ ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕು. ಹೃದ್ರೋಗ ಬಾರದಿರಲಿ ಎಂದಷ್ಟೇ ವಯಸ್ಸಾದವರಿಗೆ ಶುರು ಮಾಡುವಂತಿಲ್ಲ.

ಈ ಕೊನೆಯ ಮಾತನ್ನು ಹೇಳುವುದೇ ಕಷ್ಟ. ಕಳೆದ ವರ್ಷ ಸ್ಟೆಂಟ್ ಹಾಕಿಸಿಕೊಂಡ ಅರವತ್ನಾಲ್ಕರ ಅಮ್ಮನೊಬ್ಬರನ್ನು ಮಗಳು ಕರೆದುಕೊಂಡು ಬಂದಿದ್ದಳು. "ಹಾರ್ಮೋನ್ ಗುಳಿಗಿ ಎದಿಗೆ ಛಲೋ ಅಂತಾರಲ್ರೀ, ನಮ್ಮವ್ವಗ ಬರದು ಕೊಡ್ರಿ." ಹೃದ್ರೋಗ ಇದ್ದವರಲ್ಲೇ ಪರೀಕ್ಷಿಸಿದ 1998ರ ಅಧ್ಯಯನವೊಂದಿದೆ, 2,763 ಜನ. ಒಟ್ಟಿನಲ್ಲಿ ಲಾಭ ಸಿಗಲಿಲ್ಲ, ಮೊದಲ ವರ್ಷವಂತೂ ಹೃದಯಾಘಾತ ಹೆಚ್ಚೇ ಆಯಿತು. ಅದನ್ನೇ ಬಿಡಿಸಿ ಹೇಳಿದೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಮಾತ್ರೆ ತಪ್ಪಿಸಬೇಡಿ, ಉಪ್ಪಿನಕಾಯಿ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದೆ. ಮಗಳ ಮುಖ ಸಪ್ಪಗಾಯಿತು, ಆದರೂ ಬರೆಯಲಿಲ್ಲ.

ಬರೆಯುವ ಮುಂಚೆ ನೋಡುವುದಿಷ್ಟು: ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಸ್ತನ ಪರೀಕ್ಷೆ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ ಕೊಡುವುದಿಲ್ಲ. ಚೀಲ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬೇಕೇ ಬೇಕು, ಇಲ್ಲವಾದರೆ ಚೀಲದ ಒಳಪದರ ಬೆಳೆದು ಕ್ಯಾನ್ಸರ್‌ಗೆ ದಾರಿಯಾಗಬಹುದು. ಚೀಲ ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು. ಮೈ ದಪ್ಪ ಇದ್ದವರಿಗೆ, ಬಿಪಿ ಇದ್ದು ಹಿಡಿತಕ್ಕೆ ಬಂದವರಿಗೆ ಚರ್ಮಕ್ಕೆ ಹಚ್ಚುವ ಜೆಲ್ ನನ್ನ ಆಯ್ಕೆ. ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ. ಗುಳಿಗೆ ಮೊದಲು ಲಿವರ್‌ಗೆ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ಹೆಚ್ಚು. ಜೆಲ್ ತುಟ್ಟಿ ಅನ್ನುವುದು ನಿಜ. ತೊಗರಿ ಕೊಯ್ಲಿನ ಕೂಲಿಯಲ್ಲಿ ಮನೆ ನಡೆಸುವವಳಿಗೆ ಅದನ್ನು ಬರೆಯುವಾಗ ಕೈ ತಡೆಯುತ್ತದೆ.

ಮೊನ್ನೆ ಚಿಂಚೋಳಿ ಕಡೆಯ ಮೂವತ್ತೆಂಟರ ಹೆಣ್ಣುಮಗಳು ಬಂದಿದ್ದಳು. ಆಪರೇಷನ್ ಆಗಿ ಆರು ವರ್ಷ, ಡಿಸ್ಚಾರ್ಜ್ ಕಾರ್ಡ್ ಇಲ್ಲ. ಸೋನೋಗ್ರಫಿಯಲ್ಲಿ ಅಂಡಾಶಯ ಕಾಣಲಿಲ್ಲ, ಅಂಡಾಶಯ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಹೆಚ್ಚುವ ಎಫ್‌ಎಸ್‌ಎಚ್ ಹಾರ್ಮೋನ್ ಬಹಳ ಏರಿತ್ತು. "ಅದೂ ತಗದಾರೇನ್ರೀ?" ಎಂದು ಕೇಳಿ ಎಷ್ಟೋ ಹೊತ್ತು ಸುಮ್ಮನೆ ಕೂತಳು. ನಾನೂ ಅವಸರ ಮಾಡಲಿಲ್ಲ.

ಔಷಧಿ ಶುರು ಮಾಡಿದೆ. ಮೂರು ತಿಂಗಳಿಗೆ ಬಾ, ಎದೆ ಭಾರ, ದವಡೆ ನೋವು, ಸುಮ್ಮನೆ ದಮ್ಮು ಕಟ್ಟಿದರೆ ಗ್ಯಾಸ್ ಅಂತ ಕೂಡಬ್ಯಾಡ, ಓಡಿ ಬಾ ಎಂದೆ. ಗಟ್ಟಿ ರಟ್ಟಿನ ಒಂದು ಕಾರ್ಡ್ ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದೆ: 'ಎರಡೂ ಅಂಡಾಶಯ ಇಲ್ಲ. 50 ವರ್ಷದವರೆಗೆ ಹಾರ್ಮೋನ್ ಬೇಕು. ಕೇಳದೆ ನಿಲ್ಲಿಸಬೇಡಿ.' ಅವಳು ಅದನ್ನು ಮಡಚದೆ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡಳು.