ಮೂರು ಚೀಲ ಅಡಿಕೆ, ಒಂದು ಲೈಸೆನ್ಸ್ ನಂಬರ್

ನಮ್ಮ ಮನೆಯಲ್ಲಿ ದೊಡ್ಡ ಖರ್ಚಿನ ಲೆಕ್ಕ ನಡೆಯುವುದು ರೂಪಾಯಿಯಲ್ಲಿ ಅಲ್ಲ, ಅಡಿಕೆ ಚೀಲದಲ್ಲಿ. ಎನ್‌ಕ್ಲೆಕ್ಸ್, ಅಂದರೆ ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬರೆಯಬೇಕಾದ ಪರೀಕ್ಷೆಗೆ 200 ಡಾಲರ್. ಅಮೆರಿಕದ ಹೊರಗೆ ಕೂತು ಬರೆಯುವುದಕ್ಕೆ ಅದರ ಮೇಲೆ ಇನ್ನೂ 150 ಡಾಲರ್. ಮೊದಲ ಸಲ ಕಟ್ಟಿದಾಗ ಹೆಚ್ಚುಕಡಿಮೆ ಮೂವತ್ತು ಸಾವಿರ ಆಯಿತು. ಅಪ್ಪಯ್ಯ ಕೇಳಿದ್ದು ಒಂದೇ ಮಾತು: "ಅಂದ್ರೆ ಒಂದು ಚೀಲ ರಾಶಿ ಇಡಿ, ಅಲ್ವಾ?" ಹೌದು. ರಾಶಿ ಇಡಿ ಅಂದರೆ ಒಳ್ಳೆ ಬೆಲೆಯ ಅಡಿಕೆ, ಗೊರಬಲು ಅದಕ್ಕಿಂತ ಅಗ್ಗದ್ದು. ಅಂಥ ರಾಶಿ ಇಡಿ ಮೂರು ಚೀಲ ಹೋದವು. ಮೊದಲೆರಡು ನೀರಲ್ಲಿ ಹೋಮ. ಮೂರನೆಯದು ಫಲ ಕೊಟ್ಟಿತು.

ನನ್ನದು ಹೊಸನಗರದ ಕಡೆ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ, ಆಮೇಲೆ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷ ಡ್ಯೂಟಿ. "ಜಿಎನ್‌ಎಂ ಓದಿದವರಿಗೆ ಅದೆಲ್ಲ ಆಗಲ್ಲ" ಅಂದವರು ಕಡಿಮೆ ಏನಿಲ್ಲ. ನಮ್ಮ ವಾರ್ಡಿನವರೂ ಅಂದರು, ನೆಂಟರೂ ಅಂದರು. ಬೆಂಗಳೂರಿನ ಕೋಚಿಂಗ್‌ನ ಸರ್ ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನೀವು ಕನ್ನಡದಲ್ಲಿ ಯೋಚನೆ ಮಾಡ್ತೀರಮ್ಮ, ಅದೇ ನಿಮ್ಮ ಪ್ರಾಬ್ಲಂ. ಇಂಗ್ಲಿಷಲ್ಲಿ ಯೋಚನೆ ಮಾಡೋದು ಕಲೀರಿ" ಅಂದರು. ಕೊನೆಗೆ ನನ್ನನ್ನು ಪಾಸು ಮಾಡಿಸಿದ್ದು ಕನ್ನಡದಲ್ಲಿ ಯೋಚನೆ ಮಾಡಿದ್ದೇ. ಈಗ ಅದೇ ವಾರ್ಡಿನಿಂದ ಫೋನ್ ಮೇಲೆ ಫೋನ್. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಬರೆದು ಬಿಡ್ತೀನಿ ಅಂತ ಕೂತಿದ್ದೇನೆ.

ಇಲ್ಲಿನ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ಆಗಿ, ಪಾಸ್‌ಪೋರ್ಟ್ ಕೈಯಲ್ಲಿ ಇರುವವರಿಗೆ ಈ ಮಾತು. ನಮ್ಮ ಓದಿನ ದಾಖಲೆ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್, ಪರೀಕ್ಷೆ ಬರೆಯೋಕೆ ಸಿಗುವ ಅನುಮತಿ ಪತ್ರ ಎಟಿಟಿ, ಇವನ್ನೆಲ್ಲ ಇದಕ್ಕಿಂತ ಜಾಸ್ತಿ ವಿವರಿಸುತ್ತಾ ಕೂರಲ್ಲ.

ಕಾಗದಪತ್ರದ ಬಗ್ಗೆ ಮಾತ್ರ ಒಂದು ಗೋಳು ಹೇಳಲೇಬೇಕು. ನಮ್ಮ ಕಡೆಯವರಿಗೆಲ್ಲ ಇರುವ ರೋಗ ಇದು: ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಅಕ್ಷರ. ಪಾಸ್‌ಪೋರ್ಟಿನಲ್ಲಿ ಅವೆರಡೂ ಉದ್ದಕ್ಕೆ ಬಿಡಿಸಿಕೊಂಡು ಅಪ್ಪಯ್ಯನ ಹೆಸರು, ಊರಿನ ಹೆಸರು ಆಗಿ ಕೂತಿವೆ. ಲೈಸೆನ್ಸ್ ಕೊಡುವ ನ್ಯೂಯಾರ್ಕ್ ರಾಜ್ಯದ ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕಿದಾಗ ಈ ಇಬ್ಬರೂ ಒಬ್ಬಳೇ ಅಂತ ನಾನೇ ಸಾಬೀತು ಮಾಡಬೇಕಾಯಿತು. ನೋಟರಿ ಅಫಿಡವಿಟ್, ಓದಿದ ಸ್ಕೂಲಿಂದ ಪತ್ರ, ಮತ್ತೆ ಕೊರಿಯರ್. ಸ್ಕೂಲಿನವರು ಕ್ಲಿನಿಕಲ್ ಗಂಟೆಗಳ ಫಾರಂ ತುಂಬುವಾಗ ಹೆರಿಗೆ ವಿಭಾಗದ ಗಂಟೆ ಬರೆಯೋದನ್ನೇ ಮರೆತಿದ್ದರು. ಮೊಹರು ಹಾಕಿದ ಕವರು ನಾವು ಒಡೆದು ನೋಡುವಂತಿಲ್ಲ ಅಲ್ವಾ, ಹಾಗಾಗಿ ತಪ್ಪು ಗೊತ್ತಾಗಿದ್ದು ಅಲ್ಲಿಂದ ಮೇಲ್ ಬಂದ ಮೇಲೆ. ನಾಲ್ಕು ತಿಂಗಳು ಅಲ್ಲೇ ಹೋಯಿತು. ಫಾರಂ ಕೊಡುವಾಗ ಪಕ್ಕದಲ್ಲೇ ನಿಂತು ಒಂದೊಂದು ಸಾಲೂ ತುಂಬಿಸಿಕೊಳ್ಳಿ. ಮುಖ ಸಿಂಡರಿಸಿದರೂ ಪರವಾಗಿಲ್ಲ.

ದುಡ್ಡು ನೆನಪಿದ್ದಷ್ಟು ಹೇಳ್ತೀನಿ. ಬೋರ್ಡಿನ ಅರ್ಜಿ, ಸಿಜಿಎಫ್‌ಎನ್‌ಎಸ್ ಎರಡೂ ಸೇರಿ ನಲವತ್ತೈದು ಸಾವಿರದ ಸುತ್ತ. ಕೋಚಿಂಗ್‌ಗೆ ಇನ್ನೊಂದು ನಲವತ್ತೈದು. ಅದು ಶುದ್ಧ ದಂಡ. ಮೂರು ಪರೀಕ್ಷೆಗೆ ತೊಂಬತ್ತು. ಆನ್‌ಲೈನ್ ಪ್ರಶ್ನೆ ಬ್ಯಾಂಕ್ ಎರಡು ಸಲ ತಗೊಂಡೆ, ಇಪ್ಪತ್ತೈದು ಇರಬಹುದು. ಓಡಾಟ, ಕೊರಿಯರ್, ನೋಟರಿ ಎಲ್ಲ ಸೇರಿ ಎರಡೂಕಾಲು ಲಕ್ಷ ಮುಟ್ಟಿತು. ಆಗ ನನ್ನ ಸಂಬಳ ಹದಿನೆಂಟು ಸಾವಿರ.

ಮೊದಲ ಸಲ ಬರೆದಿದ್ದು 2024ರ ಜನವರಿ. ಕೋಚಿಂಗ್‌ನವರು ಕೊಟ್ಟ ಪಿಡಿಎಫ್ ಪೂರ್ತಿ ಬಾಯಿಪಾಠ ಮಾಡಿದ್ದೆ. ಎಷ್ಟನೇ ಪ್ರಶ್ನೆಗೆ ನಿಲ್ಲಿಸಬೇಕು ಅಂತ ಇಲ್ಲಿ ಕಂಪ್ಯೂಟರೇ ತೀರ್ಮಾನಿಸೋದು. ಕೊನೆಯ 150ನೇ ಪ್ರಶ್ನೆಯವರೆಗೂ ಅದು ನನ್ನನ್ನು ಎಳೆದುಕೊಂಡು ಹೋಗಿ ಫೇಲ್ ಮಾಡಿತು. ರಿಪೋರ್ಟಿನಲ್ಲಿ ಅರ್ಧಕ್ಕರ್ಧ ವಿಷಯದಲ್ಲಿ 'ಪಾಸಿನ ಹತ್ತಿರ' ಅಂತಿತ್ತು. ಹತ್ತಿರ ಇದ್ದರೆ ಇನ್ನೊಂದು ಸಲ ತಳ್ಳಿದರೆ ಆಯಿತು ಅಂದುಕೊಂಡೆ.

ಎರಡನೆಯದು ಜುಲೈ. ನಮ್ಮ ಕಡೆ ಜುಲೈ ಮಳೆ ಹೇಗಿರುತ್ತೆ ಅಂತ ಗೊತ್ತಲ್ಲ. ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ, ಫೋನಿಗೆ ಚಾರ್ಜಿಲ್ಲ. ದುಡ್ಡು ಕಟ್ಟಿದ ಪ್ರಶ್ನೆ ಬ್ಯಾಂಕಿನ ದಿನಗಳು ಸುಮ್ನೆ ಕಳೆದು ಹೋಗ್ತಿವೆ. ನೈಟ್ ಡ್ಯೂಟಿಯಲ್ಲಿ ಎರಡು ಗಂಟೆಯ ನಂತರ ಸ್ವಲ್ಪ ಓದುತ್ತಿದ್ದೆ, ಅಷ್ಟೇ. ಪರೀಕ್ಷೆಯಲ್ಲಿ 85ನೇ ಪ್ರಶ್ನೆಗೆ ಸ್ಕ್ರೀನ್ ಆಫ್ ಆಯಿತು. 85ಕ್ಕೆ ಆಫ್ ಆದರೆ ಪಾಸು ಅಂತ ಎಲ್ಲರೂ ಹೇಳ್ತಾರೆ, ನಾನೂ ನಂಬಿದ್ದೆ. ಮನೆಗೆ ಫೋನ್ ಮಾಡಿ "ಆದಂಗೇ ಅಪ್ಪಯ್ಯ" ಅಂದೆ. ಅವರು ಪೇಟೆಗೆ ಹೋಗಿ ಒಂದು ಕೆಜಿ ಮೈಸೂರು ಪಾಕ್ ತಂದು ಅಕ್ಕಪಕ್ಕದ ಮನೆಗೆಲ್ಲ ಹಂಚಿಬಿಟ್ಟರು. ಫಲಿತಾಂಶ ಫೇಲ್. ಕನಿಷ್ಠ 85 ಮುಗಿದ ಮೇಲೆ, ಕಂಪ್ಯೂಟರಿಗೆ ನೂರಕ್ಕೆ ತೊಂಬತ್ತೈದು ಪಾಲು ಖಾತ್ರಿ ಆದ ಕೂಡಲೇ ಅದು ನಿಲ್ಲಿಸುತ್ತದೆ. ಪಾಸು ಅಂತ ಖಾತ್ರಿ ಆದರೂ ಸರಿ, ಫೇಲ್ ಅಂತ ಆದರೂ ಸರಿ. ಆ ಮೈಸೂರು ಪಾಕ್ ತಿಂದವರು ಎದುರಿಗೆ ಸಿಕ್ಕರೆ ನಾನು ದಾರಿ ಬದಲಿಸಿ ಹೋಗುತ್ತಿದ್ದೆ.

ಆ ಮಳೆಗಾಲ ಪೂರ್ತಿ ಪುಸ್ತಕ ಮುಟ್ಟಲಿಲ್ಲ. ಅಡಿಕೆ ತೋಟಕ್ಕೆ ಕೊಳೆರೋಗ ಬೇರೆ ಬಂದಿತ್ತು. ನವೆಂಬರಿನಲ್ಲಿ ಅಡಿಕೆ ಗೊನೆಯ ಕೊಯ್ಲು, ನಮ್ಮ ಮಾತಲ್ಲಿ ಕೊನೆ ಕೊಯ್ಲು, ಶುರುವಾಯಿತು. ಆಳು ಸಿಗಲ್ಲ, ನಾನು ಕೆಲಸ ಬಿಟ್ಟು ಮನೆಗೆ ಬಂದೆ. ಮೂರು ತಿಂಗಳು ಓದಿ ಕೊನೆಯ ಸಲ ಬರೆಯೋದು, ಆಗದಿದ್ದರೆ ವಾಪಸ್ ಡ್ಯೂಟಿ ಅಂತ ಅಪ್ಪಯ್ಯನ ಹತ್ತಿರ ಒಪ್ಪಂದ.

ರಾತ್ರಿ ಏಳರಿಂದ ಹನ್ನೊಂದರವರೆಗೆ ಜಗಲಿಯಲ್ಲಿ ಅಡಿಕೆ ಸುಲಿಯೋದು. ಅಮ್ಮ, ದೊಡ್ಡಮ್ಮ, ಊರಿನ ನಾಲ್ಕೈದು ಹೆಂಗಸರು, ನಾನು. ಮೆಟ್ಟುಗತ್ತಿ ಮುಂದೆ ಕೂತರೆ ಎರಡೂ ಕೈಗೆ ಕೆಲಸ, ಪುಸ್ತಕ ಹಿಡಿಯೋ ಹಾಗಿಲ್ಲ. ಹಗಲು ಗುಡ್ಡದ ಮೇಲೆ ನೆಟ್‌ವರ್ಕ್ ಸಿಗೋ ಜಾಗದಲ್ಲಿ ಕೂತು ಇಪ್ಪತ್ತೈದು ಪ್ರಶ್ನೆ ಮಾಡಿರುತ್ತಿದ್ದೆ. ರಾತ್ರಿ ಒಂದು ದಿನ ಬೇಜಾರಿಗೆ ಅದರಲ್ಲೇ ಒಂದನ್ನು ಕತೆ ಥರ ಹೇಳಿದೆ. "ಅಮ್ಮ, ನಾಲ್ಕು ಜನ ರೋಗಿಗಳು. ನೀನು ಒಬ್ಬಳೇ. ಒಬ್ಬ ಸೊಂಟದ ಮೂಳೆ ಆಪರೇಷನ್ ಆದವನು, ನೋವು ಅಂತ ಕೂಗ್ತಾ ಇದ್ದಾನೆ. ಒಬ್ಬಳಿಗೆ ಶುಗರ್ 250. ಒಬ್ಬ ಉಬ್ಬಸದವನು, ಒಂದು ಗಂಟೆ ಮುಂಚೆ ಸುಂಯ್ ಸುಂಯ್ ಅಂತಿತ್ತು, ಈಗ ಸದ್ದಿಲ್ಲ, ತೂಕಡಿಸ್ತಿದ್ದಾನೆ. ಇನ್ನೊಬ್ಬಳು ಮನೆಗೆ ಹೋಗೋಕೆ ಬ್ಯಾಗು ಹಿಡಿದು ನಿಂತಿದ್ದಾಳೆ. ಯಾರ ಹತ್ರ ಮೊದಲು ಓಡ್ತೀಯ?"

ಅಮ್ಮ ಕತ್ತಿಯಿಂದ ತಲೆ ಎತ್ತಲಿಲ್ಲ. "ಕೂಗೋನು ಬದುಕಿದ್ದಾನೆ ಮಾರಾಯ್ತಿ. ಆ ಸುಮ್ನಾದವನ್ನ ನೋಡು ಮೊದ್ಲು."

ನಾನು ಹಗಲು ಆ ಪ್ರಶ್ನೆಗೆ ಸೊಂಟದವನನ್ನು ಆರಿಸಿ ತಪ್ಪು ಮಾಡಿದ್ದೆ. ಉಬ್ಬಸದವನ ಸದ್ದು ನಿಂತರೆ ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ. ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಇಂಗ್ಲಿಷಿನಲ್ಲಿ ಓದುವಾಗ ನನ್ನ ಕಣ್ಣು ಗುರುತಿರುವ ಪದ ಹುಡುಕುತ್ತಿತ್ತು, ರೋಗಿಯನ್ನಲ್ಲ. ಅದೇ ಕನ್ನಡದಲ್ಲಿ ಹೇಳಿದ ಕೂಡಲೇ ಮಂಚದ ಮೇಲೆ ಮಲಗಿದ ಮನುಷ್ಯ ಕಾಣಿಸುತ್ತಿದ್ದ.

ಅಲ್ಲಿಂದ ದಿನಾ ಅದೇ. ಹಗಲು ಮಾಡಿದ ಇಪ್ಪತ್ತೈದರಲ್ಲಿ ತಪ್ಪಾದದ್ದನ್ನೆಲ್ಲ ರಾತ್ರಿ ಜಗಲಿಗೆ ತರುವುದು. ಆಯ್ಕೆಗಳನ್ನು ಹೇಳುತ್ತಿರಲಿಲ್ಲ, ಬರೀ ಸಂಗತಿ. ಅವರು ಉತ್ತರ ಹೇಳಬೇಕು, ಯಾಕೆ ಅಂತ ನಾನು ಹೇಳಬೇಕು. ಅವರ ಉತ್ತರ ತಪ್ಪಾದ ದಿನವೇ ನನಗೆ ಜಾಸ್ತಿ ಲಾಭ. ಮೂರ್ಛೆ ಬಂದವನ ಕೈಗೆ ಬೀಗದ ಕೈ ಕೊಡಬೇಕು ಅಂತ ದೊಡ್ಡಮ್ಮ ಹಠ ಹಿಡಿದರು. ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ತುರುಕಬೇಡ, ಗಡಿಯಾರ ನೋಡು ಅಂತ ಅವರಿಗೆ ಒಪ್ಪಿಸುವಷ್ಟರಲ್ಲಿ ಅರ್ಧ ಬುಟ್ಟಿ ಅಡಿಕೆ ಮುಗಿದಿತ್ತು. ಆ ಪ್ರಶ್ನೆ ಇನ್ನು ಜನ್ಮದಲ್ಲಿ ತಪ್ಪಲ್ಲ.

ನಮ್ಮವರೆಲ್ಲ ಎಡವೋದು ಡೆಲಿಗೇಶನ್ನಿನಲ್ಲಿ, ಅಂದರೆ ಯಾವ ಕೆಲಸ ಯಾರಿಗೆ ಹಂಚಬೇಕು ಅನ್ನೋದರಲ್ಲಿ. ಅಮೆರಿಕದಲ್ಲಿ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್, ಅವರ ಕೆಳಗೆ ಎಲ್‌ಪಿಎನ್ ಅಂತ ಇನ್ನೊಂದು ದರ್ಜೆಯ ನರ್ಸ್ ಇರುತ್ತಾರೆ. ನಮ್ಮ ವಾರ್ಡಿನಲ್ಲಿ ಆ ಪ್ರಾಣಿಯೇ ಇಲ್ಲ, ಯಾರಿಗೆ ಏನು ಕೊಡಬೇಕು ಅಂತ ಹೇಗೆ ಗೊತ್ತಾಗಬೇಕು? ಅದನ್ನೂ ಜಗಲಿಯೇ ಬಗೆಹರಿಸಿತು. ಸುಲಿಯೋದಕ್ಕೆ ಯಾರನ್ನು ಬೇಕಾದರೂ ಕೂರಿಸಬಹುದು. ಆದರೆ ಕೊನೆ ಬಲಿತಿದೆಯಾ ಅಂತ ಮರದ ಬುಡದಲ್ಲಿ ನಿಂತು ಹೇಳೋದು, ಹಂಡೆಯಲ್ಲಿ ಅಡಿಕೆ ಬೆಂದಿದೆಯಾ ಅಂತ ನೋಡೋದು, ಹೊಸ ಆಳಿಗೆ ಕತ್ತಿ ಹಿಡಿಯೋದು ಕಲಿಸೋದು ಅಪ್ಪಯ್ಯನ ಕೆಲಸ, ಬೇರೆಯವರಿಗೆ ಬಿಡಲ್ಲ. ಆರ್‌ಎನ್ ಕೂಡ ಅಷ್ಟೇ. ರೋಗಿಯನ್ನು ನೋಡಿ ಅಳೆಯೋ ಅಸೆಸ್‌ಮೆಂಟ್, ತಿಳಿಸಿ ಹೇಳೋ ಟೀಚಿಂಗ್, ಗುಣ ಆಯಿತಾ ಅಂತ ತೂಗೋ ಇವ್ಯಾಲ್ಯುಯೇಶನ್ ಕೈಬಿಡುವ ಹಾಗಿಲ್ಲ. ಉಳಿದದ್ದನ್ನು ಹಂಚು.

ತಪ್ಪುಗಳಿಗೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೆ. ಯಾವ ವಿಷಯ ಅಂತ ಬರೆಯುತ್ತಿರಲಿಲ್ಲ. ಯಾಕೆ ತಪ್ಪಾಯಿತು ಅಂತ ಮಾತ್ರ ಒಂದಕ್ಷರ. 'ಗೊ' ಅಂದರೆ ಗೊತ್ತಿರಲಿಲ್ಲ. 'ಓ' ಅಂದರೆ ಸರಿಯಾಗಿ ಓದಲಿಲ್ಲ. 'ವಾ' ಅಂದರೆ ನಮ್ಮ ವಾರ್ಡಿನ ಅಭ್ಯಾಸ. ತಿಂಗಳಾದ ಮೇಲೆ ಎಣಿಸಿದರೆ 'ಗೊ' ಕಾಲು ಭಾಗವೂ ಇಲ್ಲ. ಅರ್ಧದಷ್ಟು 'ವಾ'. ಏನೇ ಆದರೂ ಮೊದಲು ಡಾಕ್ಟರಿಗೆ ಫೋನ್ ಮಾಡೋದು ನಮ್ಮ ಅಭ್ಯಾಸ. ಅಲ್ಲಿ ಮೊದಲು ನೀನು ರೋಗಿಯನ್ನು ನೋಡು, ನಿನ್ನ ಕೈಲಾದ್ದು ಮಾಡು, ಆಮೇಲೆ ಫೋನು. ಮಂಚ ಎತ್ತರಿಸಿದೆಯಾ? ಆಕ್ಸಿಜನ್ ಹಾಕಿದೆಯಾ? ರಕ್ತ ಹಾಕುವಾಗ ಚಳಿ ಬಂದರೆ ಬಾಟಲ್ ನಿಲ್ಲಿಸಿದೆಯಾ? ಆರು ವರ್ಷದ ಅನುಭವ ಇದೆ ಅಂತ ಬೀಗುತ್ತಿದ್ದೆ. ನನ್ನನ್ನು ಫೇಲ್ ಮಾಡಿದ್ದು ಆ ಅನುಭವವೇ. ಕೋಚಿಂಗ್‌ನಲ್ಲಿ ಇದನ್ನು ಒಬ್ಬರೂ ಹೇಳಿರಲಿಲ್ಲ.

ಔಷಧದ ಹೆಸರು ಬೇರೆ ಕಾಟ. ಪ್ಯಾರಸಿಟಮಾಲ್ ಅಲ್ಲಿ ಅಸೆಟಮಿನೋಫೆನ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ಸಾಲ್ಬುಟಮಾಲ್ ಅಲ್ಬುಟೆರಾಲ್, ಪೆಥಿಡಿನ್ ಮೆಪೆರಿಡಿನ್. ನಮ್ಮ ಕಡೆ ಮದುವೆಯಾದ ಮೇಲೆ ಹುಡುಗಿಯ ಹೆಸರು ಬದಲಿಸುತ್ತಿದ್ದರಲ್ಲ, ಹಾಗೆ. ಇದಕ್ಕೆ ಬಾಯಿಪಾಠ ಬಿಟ್ಟರೆ ದಾರಿಯಿಲ್ಲ.

ನಡುವೆ ಮಾಡಿದ ಕೆಲವು ಪ್ರಯೋಗ ಕೈಕೊಟ್ಟವು. ಲ್ಯಾಬ್ ವ್ಯಾಲ್ಯೂ ಪಟ್ಟಿಯನ್ನು ಬಚ್ಚಲ ಒಲೆಯ ಪಕ್ಕ ಅಂಟಿಸಿದೆ, ಬೆಂಕಿ ಹಾಕುವಾಗ ಓದಬಹುದು ಅಂತ. ವಾರದಲ್ಲಿ ಹೊಗೆ ಹಿಡಿದು ಪೊಟ್ಯಾಶಿಯಂ ಎಷ್ಟು ಸೋಡಿಯಂ ಎಷ್ಟು ಒಂದೂ ಕಾಣದೆ ಹೋಯಿತು. ನನ್ನದೇ ಧ್ವನಿ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳೋಣ ಅಂದುಕೊಂಡೆ. ರಿಪ್ಪನ್‌ಪೇಟೆ ದಾಟೋದರೊಳಗೆ ನಿದ್ದೆ. ಬೆಳಗಿನ ಮೂರು ಗಂಟೆಗೆ ಎದ್ದು ಓದೋದು ಮೂರೇ ದಿನಕ್ಕೆ ಮುಗಿಯಿತು. ಒಂದು ಮಾತ್ರ ಅನಿರೀಕ್ಷಿತವಾಗಿ ಕೈಹಿಡಿಯಿತು. ಪ್ರಶ್ನೆ ಬ್ಯಾಂಕಿನಲ್ಲಿ ಲೈಮ್ ಕಾಯಿಲೆ ಅಂತ ಬರುತ್ತದೆ, ಉಣುಗು ಕಚ್ಚಿ ಬರುವ ರೋಗ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕು, ಬಂದ ಮೇಲೆ ಮೈ ನೋಡಿಕೋ, ಉಣುಗನ್ನು ಜಜ್ಜಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡ ಜಿಲ್ಲೆ ನಮ್ಮದು, ಅದೂ ಉಣುಗಿನಿಂದಲೇ ಬರೋದು. ಆಶಾ ಕಾರ್ಯಕರ್ತೆಯರು ಬಂದು ಮೈಗೆ ಹಚ್ಚೋ ಎಣ್ಣೆ ಕೊಟ್ಟು ಇದನ್ನೇ ಹೇಳಿ ಹೋಗುತ್ತಿದ್ದರು. ಬೆಂಗಳೂರಿನವರು ತಡಕಾಡೋ ಪ್ರಶ್ನೆ ನನಗೆ ಪುಕ್ಕಟೆ ಮಾರ್ಕ್ಸ್.

"ಕನ್ನಡಕ್ಕೆ ತಿರುಗಿಸುತ್ತಾ ಕೂತರೆ ಟೈಮ್ ಸಾಲಲ್ಲ" ಅಂತ ಎಲ್ಲರೂ ಹೆದರಿಸುತ್ತಾರೆ. ಲೆಕ್ಕ ಹಾಕಿ. ಐದು ಗಂಟೆ, ಹೆಚ್ಚೆಂದರೆ 150 ಪ್ರಶ್ನೆ. ಒಂದಕ್ಕೆ ಎರಡು ನಿಮಿಷ. 'ಯಾರಿಗೆ ಏನಾಗಿದೆ, ಈಗ ಏನು ಕೇಳ್ತಿದ್ದಾರೆ' ಅಂತ ಮನಸ್ಸಿನಲ್ಲಿ ಅಂದುಕೊಳ್ಳೋಕೆ ಹತ್ತು ಸೆಕೆಂಡ್ ಸಾಕು. ಮೂರು ತಿಂಗಳಲ್ಲಿ ಎರಡು ಸಾವಿರ ಪ್ರಶ್ನೆ ಮಾಡಿದ ಮೇಲೆ ಅಷ್ಟೂ ಬೇಕಾಗಲ್ಲ.

ಕೋಷ್ಟಕದಲ್ಲಿ ಗುರುತು ಹಾಕುವ ಮ್ಯಾಟ್ರಿಕ್ಸ್ ಮತ್ತು 'ಸರಿಯಾದದ್ದನ್ನೆಲ್ಲ ಆರಿಸಿ' ಪ್ರಶ್ನೆಗಳಿಗೆ ನನ್ನದೊಂದು ಪಟ್ಟು ಇದೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ವಾರ್ಡಿನ ಇಬ್ಬರು ಹುಡುಗಿಯರು ಈಗ ಅದರಲ್ಲೇ ಅಭ್ಯಾಸ ಮಾಡುತ್ತಿದ್ದಾರೆ, ಅವರದ್ದು ಮೊದಲು ಆಗಲಿ. ಕೊನೆಯ ಹತ್ತು ದಿನ ಆ ನೋಟ್‌ಬುಕ್ಕನ್ನು ಯಾವ ಕ್ರಮದಲ್ಲಿ ಓದಿದೆ ಅನ್ನೋದೂ ಹಾಗೇ ಇರಲಿ.

ಮೂರನೇ ಪರೀಕ್ಷೆ 2025ರ ಫೆಬ್ರವರಿ, ಬೆಂಗಳೂರು. ಹಿಂದಿನ ದಿನವೇ ಶಿವಮೊಗ್ಗದಿಂದ ರೈಲು ಹತ್ತಿ ಅಕ್ಕನ ಮನೆಯಲ್ಲಿ ಉಳಿದೆ. ಸೆಂಟರಿನಲ್ಲಿ ಪಾಸ್‌ಪೋರ್ಟ್ ನೋಡಿ, ಫೋಟೋ ತೆಗೆದು, ಅಂಗೈಯನ್ನು ಒಂದು ಮೆಷಿನ್ ಮೇಲೆ ಇಡಿಸಿಕೊಳ್ಳುತ್ತಾರೆ, ಒಳಗಿನ ರಕ್ತನಾಳ ಸ್ಕ್ಯಾನ್ ಮಾಡೋಕೆ. ಅಡಿಕೆ ಚೊಗರಿಗೆ ನನ್ನ ಅಂಗೈ, ಉಗುರು ಎಲ್ಲ ಕಪ್ಪು ಕೆಂಪು. ನಿಂಬೆಹಣ್ಣು ಉಜ್ಜಿದರೂ ಹೋಗಿರಲಿಲ್ಲ. ಅಲ್ಲಿದ್ದ ಮೇಡಂ "ಮೆಹೆಂದಿನಾ?" ಅಂದರು. "ಹೂಂ" ಅಂದೆ. ಮೆಷಿನ್ ತಕರಾರು ಮಾಡಲಿಲ್ಲ.

ಒಳಗೆ ಏನು ಬಂತು ಅಂತ ಕೇಳಬೇಡಿ, ಹೇಳಲ್ಲ ಅಂತ ಒಪ್ಪಿಕೊಂಡೇ ಪರೀಕ್ಷೆ ಬರೆಯೋದು. ಶುರುವಾಗಿ ಎರಡು ಗಂಟೆ ಆದ ಮೇಲೆ ಬ್ರೇಕ್ ಬೇಕಾ ಅಂತ ಕೇಳುತ್ತೆ, ಅದಕ್ಕೆ ಮುಂಚೆಯೇ 85ಕ್ಕೆ ಆಫ್ ಆಯಿತು. ಈ ಸಲ ಮನೆಗೆ ಫೋನ್ ಮಾಡಿ "ಮುಗೀತು" ಅಂದೆ, ಅಷ್ಟೇ. ಅಪ್ಪಯ್ಯನೂ ಸ್ವೀಟ್ ಸುದ್ದಿ ಎತ್ತಲಿಲ್ಲ.

ಊರಿಗೆ ಬಂದು ದಿನಾ ಸಂಜೆ ಗುಡ್ಡ ಹತ್ತಿ ನ್ಯೂಯಾರ್ಕಿನವರ ವೆಬ್‌ಸೈಟಿನಲ್ಲಿ ನನ್ನ ಹೆಸರು ಹುಡುಕುತ್ತಿದ್ದೆ. ಲೈಸೆನ್ಸ್ ಆದರೆ ಅಲ್ಲಿ ಹೆಸರು, ನಂಬರ್ ಬರುತ್ತದೆ. ಎಷ್ಟನೇ ದಿನವೋ ಮರೆತೆ. ಪೇಜು ಅರ್ಧ ಬಂದು ನಿಂತಿತು. ಫೋನನ್ನು ತಲೆ ಮೇಲೆ ಎತ್ತಿ ಹಿಡಿದು ನಿಂತೆ. ಇಳಿಸಿ ನೋಡಿದರೆ ಇನಿಷಿಯಲ್ ಇಲ್ಲದ ನನ್ನ ಉದ್ದ ಹೆಸರು, ಪಕ್ಕದಲ್ಲಿ ರಿಜಿಸ್ಟರ್ಡ್ ಪ್ರೊಫೆಷನಲ್ ನರ್ಸ್, ಕೆಳಗೆ ನಂಬರ್.

ಮನೆಗೆ ಬಂದು ತೋರಿಸಿದೆ. ಅಮ್ಮ ನಂಬರ್ ಓದಿಸಿಕೊಂಡು ದೇವರ ಮುಂದೆ ದೀಪ ಹಚ್ಚೋಕೆ ಎದ್ದರು. ವೀಸಾಕ್ಕೆ ಇನ್ನೂ ಸರದಿ ಕಾಯಬೇಕು, ಅದಕ್ಕೆ ಮುಂಚೆ ಇಂಗ್ಲಿಷ್ ಪರೀಕ್ಷೆ ಒಂದಿದೆ ಅಂತ ಅಪ್ಪಯ್ಯನಿಗೆ ಹೇಳಿದೆ.

"ಅದಕ್ಕೆಷ್ಟು?"

"ಅರ್ಧ ಚೀಲ."

"ಅರ್ಧಾನಾ?" ಅಂದರು. "ಹಾಗಾದ್ರೆ ಗೊರಬಲಲ್ಲೇ ಆಗುತ್ತೆ ಬಿಡು."