ಗುಜರಿ ಸಾಮಾನಿನಿಂದ ಹಾಯಿದೋಣಿ ದುರಸ್ತಿ: ಯಾವುದು ಹಳೆಯದಾದರೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಗೆ ಒಡೆದುಹಾಕಿದ ದೋಣಿಗಳ ಸಾಮಾನು ಜೋಡಿಸಿ ಮತ್ತೆ ನೀರಿಗಿಳಿಸಬಹುದು. ಹಾಗಂತ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವಂತಿಲ್ಲ. ಪ್ರತಿ ಸಾಮಾನು ಹಿಡಿದಾಗಲೂ ನಾನು ಕೇಳಿಕೊಳ್ಳುವುದು ಒಂದೇ: ನಡುನೀರಿನಲ್ಲಿ ಇದು ಕೈಕೊಟ್ಟರೆ ಏನಾಗುತ್ತದೆ? ನೀರು ಒಳನುಗ್ಗುವುದಾದರೆ, ಹಾಯಿಕಂಬ ಬೀಳುವುದಾದರೆ, ಬೆಂಕಿ ಹತ್ತುವುದಾದರೆ ಅದು ಹೊಸದೇ ಆಗಬೇಕು. ಮನೆಮಂದಿ ಕೂರುವ ದೋಣಿಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಉಳಿದದ್ದರಲ್ಲಿ ಎಷ್ಟೋ ಸಲ ಹೊಸದಕ್ಕಿಂತ ಹಳೆಯದೇ ಗಟ್ಟಿ. ಇಲ್ಲಿ ಬರೆದಿರುವುದು ಏಳೆಂಟು ಮೀಟರ್ ಉದ್ದದ, ಒಂಟಿ ಕಂಬದ ದೋಣಿಯ ಲೆಕ್ಕ.

ಕೆಲಸ ಶುರುವಾಗುವುದು ಡೆಕ್ಕಿನಿಂದ, ಅಂದರೆ ದೋಣಿಯ ಮೇಲ್ಹಾಸಿನಿಂದ. ಎಷ್ಟೋ ದೋಣಿಗಳ ಡೆಕ್‌ನಲ್ಲಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿರುತ್ತದೆ. ಬೋಲ್ಟ್ ತೂತುಗಳಿಂದ ನೀರು ಇಳಿದು ಇದು ಕೊಳೆಯುತ್ತದೆ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಅಂಗೈಯಗಲಕ್ಕೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಸದ್ದು ಟಣ್ ಎನ್ನುತ್ತದೆ, ಕೊಳೆತಲ್ಲಿ ಡಬ್ ಎಂದು ಸಾಯುತ್ತದೆ. ಆ ಜಾಗದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು, ಗರಗಸದ ಆಳವನ್ನು ಮೇಲಿನ ಪದರದಷ್ಟೇ ಇಟ್ಟು ಕತ್ತರಿಸಿ. ಎಬ್ಬಿಸಿದ ಪದರವನ್ನು ಎಸೆಯಬೇಡಿ, ಅದನ್ನೇ ಮತ್ತೆ ಅಂಟಿಸಬಹುದು. ಕೊಳೆತ ತಿರುಳನ್ನು ಉಳಿಯಿಂದ ಕೆರೆದು ತೆಗೆದು, ಒಳಗೆ ಪೂರ್ತಿ ಒಣಗುವ ತನಕ ಕಾಯಬೇಕು. ಹಸಿ ಇರುವಾಗ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ರಾಳದ ಅಂಟು) ಹಾಕಿದರೆ ಅಂಟು ಹಿಡಿಯುವುದಿಲ್ಲ, ಮಾಡಿದ್ದೆಲ್ಲ ದಂಡ. ಹೊಸ ತಿರುಳು ಕೂರಿಸಿ, ಮೇಲಿನ ಪದರ ಅಂಟಿಸಿ, ಕತ್ತರಿಸಿದ ಗೆರೆಯ ಎರಡೂ ಬದಿಯನ್ನು ಪದರದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ. ಪದರ 3 ಮಿ.ಮೀ. ಇದ್ದರೆ ಇಳಿಜಾರು 36 ಮಿ.ಮೀ. ಬೇಕು. ಅದರ ಮೇಲೆ ಗ್ಲಾಸ್ ಬಟ್ಟೆಯ ಪಟ್ಟಿಗಳನ್ನು ಎಪಾಕ್ಸಿಯಲ್ಲಿ ಕೂರಿಸಬೇಕು. ಎಪಾಕ್ಸಿ ಗಟ್ಟಿಯಾದ ಮೇಲೆ ಮೈಮೇಲೆ ಮೇಣದಂಥ ಜಿಡ್ಡು ಬರಬಹುದು. ಮೊದಲು ಅದನ್ನು ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಬೇಕು. ತೊಳೆಯದೆ ಉಜ್ಜಿದರೆ ಆ ಜಿಡ್ಡೇ ಒಳಗೆ ತಿಕ್ಕಿಕೊಂಡು ಬಣ್ಣ ಸಿಪ್ಪೆ ಏಳುತ್ತದೆ.

ಇಷ್ಟು ಮಾಡಿಯೂ ಬೋಲ್ಟ್ ತೂತುಗಳನ್ನು ಹಾಗೇ ಬಿಟ್ಟರೆ ಕೊಳೆ ಮರಳಿ ಬರುತ್ತದೆ. 6 ಮಿ.ಮೀ. ಬೋಲ್ಟ್‌ಗೆ ಮೊದಲು 12 ಮಿ.ಮೀ. ತೂತು ಕೊರೆಯಿರಿ. ಮೇಲಿನ ಪದರ ಮತ್ತು ತಿರುಳು ಮಾತ್ರ ಹೋಗಬೇಕು, ಕೆಳಪದರ ಉಳಿಯಬೇಕು. ತುದಿ ಬಗ್ಗಿಸಿದ ಮೊಳೆಯನ್ನು ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸಿದರೆ ಸುತ್ತಲಿನ ತಿರುಳು ಇನ್ನಷ್ಟು ಕೆರೆದು ಬರುತ್ತದೆ. ಕೆಳಗಿನ ತೂತಿಗೆ ಟೇಪ್ ಹಚ್ಚಿ, ಮೊದಲು ತೆಳು ಎಪಾಕ್ಸಿ ಸವರಿ ಮರ ಕುಡಿಯಲು ಬಿಟ್ಟು, ಬಳಿಕ ಸಿಲಿಕಾ ಪುಡಿ ಕಲಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ನಡುವೆ 6 ಮಿ.ಮೀ. ತೂತು ಕೊರೆದು, ಬಾಯನ್ನು ಸ್ವಲ್ಪ ಬಟ್ಟಲಿನಂತೆ ಅಗಲಿಸಿ. ನೀರು ಸೋರದಂತೆ ತಡೆಯುವ ಮೆತ್ತನೆಯ ಬ್ಯುಟೈಲ್ ಟೇಪು ಆ ಬಟ್ಟಲಲ್ಲಿ ಕೂತು ಬೋಲ್ಟ್‌ನ ಕುತ್ತಿಗೆಗೆ ಉಂಗುರವಾಗುತ್ತದೆ. ಬಿಗಿಯುವಾಗ ಬೋಲ್ಟ್ ಅಲ್ಲಾಡಬಾರದು, ಕೆಳಗಿನ ನಟ್ ಮಾತ್ರ ತಿರುಗಬೇಕು. ಬೋಲ್ಟ್ ತಿರುಗಿತೆಂದರೆ ಆ ಉಂಗುರ ಹರಿಯುತ್ತದೆ. ಎಳೆತ ಹರಡಲೆಂದು ಡೆಕ್ಕಿನ ಅಡಿಯಲ್ಲಿ, ನಟ್ ಕೂರುವ ಕಡೆ ಕೊಡುವ ತಟ್ಟೆಗೆ ಗುಜರಿಯಲ್ಲಿ ಸಿಗುವ ಅತ್ಯುತ್ತಮ ವಸ್ತು ಎಂದರೆ ಒಡೆದ ದೋಣಿಯ 8-10 ಮಿ.ಮೀ. ದಪ್ಪದ, ತಿರುಳಿಲ್ಲದ ಫೈಬರ್‌ಗ್ಲಾಸ್ ತುಂಡು. ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅಲ್ಯೂಮಿನಿಯಂ ತಟ್ಟೆ ಸ್ಟೇನ್‌ಲೆಸ್ ಬೋಲ್ಟ್ ಜೊತೆ ಉಪ್ಪುನೀರು ಸೇರಿದರೆ ಬಿಳಿ ಪುಡಿಯಾಗಿ ಉದುರುತ್ತದೆ.

ಮರದ ವಿಷಯದಲ್ಲಿ ಹಳೆಯದಕ್ಕೇ ನನ್ನ ಓಟು. ಹಳೆಯ ಬಾಗಿಲು, ಮೇಜುಗಳ ತೇಗ ವರ್ಷಗಟ್ಟಲೆ ಒಣಗಿರುತ್ತದೆ, ಇನ್ನು ಸೊಟ್ಟಗಾಗುವ ಭಯ ಕಡಿಮೆ. ರಂದ ಹೊಡೆಯುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಒಂದು ಮುರುಕು ಮೊಳೆ ಸಾಕು, ಅಲಗು ಹಾಳಾಗಲು. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟಿಸುವ ಮುಖವನ್ನು ಆಗಷ್ಟೇ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ನಾಳೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹಳೆಯ ಪ್ಲೈವುಡ್ ಬಗ್ಗೆ ಅನುಮಾನವಿದ್ದರೆ ಬೆರಳುದ್ದದ ತುಂಡನ್ನು ಒಂದು ಗಂಟೆ ಕುದಿಸಿ ನೋಡಿ. ಪದರ ಬಿಟ್ಟರೆ ಅದು ದೋಣಿಗೆ ಬೇಡ. ಬಿಡದಿದ್ದರೆ ಒಳಗಿನ ಕಪಾಟು, ಮಲಗುವ ಹಲಗೆಗೆ ಸಾಕು. ಅಂಚುಗಳಿಗೆ ಮಾತ್ರ ಎರಡು ಮೂರು ಸಲ ಎಪಾಕ್ಸಿ ಕುಡಿಸಿ, ನೀರು ಹೊಗುವುದು ಅಲ್ಲಿಂದಲೇ.

ಹಾಯಿಯ ಹಗ್ಗ ಸುತ್ತಿ ಎಳೆಯುವ ಹಳೆಯ ವಿಂಚ್ ಸಿಕ್ಕರೆ ಬಿಡಬೇಡಿ. ಕಂಚಿನ ವಿಂಚ್‌ಗೆ ಸುಲಭದಲ್ಲಿ ಸಾವಿಲ್ಲ. ಬಿಚ್ಚುವಾಗ ರಟ್ಟಿನ ಪೆಟ್ಟಿಗೆಯ ತಳಕ್ಕೆ ತೂತು ಮಾಡಿ ವಿಂಚ್‌ಗೆ ತೊಡಿಸಿ, ಹಾರುವ ಸ್ಪ್ರಿಂಗ್ ಪೆಟ್ಟಿಗೆಯೊಳಗೇ ಬೀಳುತ್ತದೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಚಕ್ರಕ್ಕೆ ತೆಳುವಾಗಿ ಗ್ರೀಸ್, ಹಿಂದೆ ತಿರುಗದಂತೆ ತಡೆಯುವ ಪಾಲ್‌ಗಳಿಗೆ ತೆಳು ಎಣ್ಣೆ ಮಾತ್ರ ಹಾಕಿ. ಪಾಲ್‌ಗೆ ಗ್ರೀಸ್ ಮೆತ್ತಿದರೆ ಅದು ಅಂಟಿಕೊಂಡು ಹಲ್ಲಿಗೆ ಬೀಳುವುದಿಲ್ಲ. ಆಗ ಹಗ್ಗದ ಎಳೆತಕ್ಕೆ ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಕೈ ಮುರಿಯಬಹುದು. ಬೆರಳಿನಿಂದ ಒತ್ತಿ ಬಿಟ್ಟರೆ ಪ್ರತಿ ಪಾಲ್ ಚಟಕ್ಕನೆ ಹೊರಬರಬೇಕು. ಮೂಲೆ ಸವೆದು ಗುಂಡಗಾಗಿದ್ದರೆ ಪಾಲ್ ಮತ್ತು ಸ್ಪ್ರಿಂಗ್ ಹೊಸದು ಹಾಕಿ.

ಕಂಬವನ್ನು ಹಿಡಿದಿಡುವ ಉಕ್ಕಿನ ತಂತಿ ಹಳೆಯದು ಬೇಡವೇ ಬೇಡ. ಹೊರಗೆ ಫಳಫಳ ಹೊಳೆಯುತ್ತಿದ್ದರೂ ತುದಿಯ ಹಿಡಿಕೆಯೊಳಗೆ ಎಳೆಗಳು ತುಂಡಾಗಿರಬಹುದು. ಚೈನ್‌ಪ್ಲೇಟ್‌ಗಳನ್ನು (ಈ ತಂತಿಗಳನ್ನು ದೋಣಿಗೆ ಬಿಗಿಯುವ ಲೋಹದ ಪಟ್ಟಿಗಳು) ಪೂರ್ತಿ ಹೊರತೆಗೆದು ಅವು ಡೆಕ್ ದಾಟುವ ಜಾಗ ನೋಡಿ. ಗಾಳಿಯಾಡದೆ ನೀರು ನಿಲ್ಲುವ ಕಡೆಯೇ ಸ್ಟೇನ್‌ಲೆಸ್ ತಿಂದುಹೋಗುವುದು. ಬಿರುಕು ಪತ್ತೆಗೆಂದೇ ಇರುವ ಕೆಂಪು ಬಣ್ಣದ ದ್ರವ ಹಚ್ಚಿ, ಹತ್ತಿಪ್ಪತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಗೆರೆ ಕಂಡರೆ ಆ ಪ್ಲೇಟು ಮತ್ತೆ ಗುಜರಿಗೇ. ಬೇರೆ ದೋಣಿಯ ಕಂಬ ಹಾಕುವುದಾದರೆ ಅಡ್ಡಳತೆ, ಗೋಡೆಯ ದಪ್ಪ ಎರಡೂ ಹಳೆಯ ಕಂಬಕ್ಕೆ ಹತ್ತಿರವಿರಲಿ. ತೆಳುವಾದರೆ ಬಾಗಿ ಮುರಿಯುತ್ತದೆ, ಭಾರವಾದರೆ ದೋಣಿ ಹೆಚ್ಚು ವಾಲುತ್ತದೆ.

ದೋಣಿಯ ತಳದಲ್ಲಿ ನೀರಿನ ದಾರಿ ಮುಚ್ಚುವ ಸೀಕಾಕ್ ನಲ್ಲಿಗಳನ್ನು ಚಾಕುವಿನಿಂದ ಕೆರೆಯಿರಿ. ಕೆರೆದಲ್ಲಿ ಗುಲಾಬಿ ಬಣ್ಣ ಬಂದರೆ ಅದು ಹಿತ್ತಾಳೆ, ಒಳಗಿನ ಸತು ಉಪ್ಪುನೀರಿಗೆ ಕರಗಿ ಹೋಗಿದೆ. ಅಂಥದ್ದು ಒಂದು ಒದೆತಕ್ಕೆ ಬಿಸ್ಕತ್ತಿನಂತೆ ಮುರಿಯುತ್ತದೆ. ಸೀಕಾಕ್, ಅದರ ಪೈಪು, ಗ್ಯಾಸ್ ಪೈಪು ಎಲ್ಲವೂ ಹೊಸದೇ. ವಿದ್ಯುತ್ ತಂತಿಯೂ ಹೊಸದು, ತವರ ಲೇಪಿಸಿದ್ದು. 12 ವೋಲ್ಟ್‌ನಲ್ಲಿ 5 ಆಂಪಿಯರ್, ಹೋಗಿಬರುವ ದಾರಿ ಒಟ್ಟು 12 ಮೀಟರ್ ಎಂದಾದರೆ 2.5 ಚದರ ಮಿ.ಮೀ. ತಂತಿಯಲ್ಲಿ ಸುಮಾರು 0.42 ವೋಲ್ಟ್ ಕಳೆದುಹೋಗುತ್ತದೆ, 4 ಚದರ ಮಿ.ಮೀ.ನಲ್ಲಿ 0.26 ಮಾತ್ರ. ದೀಪಕ್ಕೆ ಮೊದಲನೆಯದು ನಡೆದೀತು, ರೇಡಿಯೋಗೆ ಎರಡನೆಯದೇ ಇರಲಿ.

ಹಳೆಯ ಡೇಕ್ರಾನ್ (ಪಾಲಿಯೆಸ್ಟರ್ ಬಟ್ಟೆ) ಹಾಯಿಯಲ್ಲಿ ಬಿಸಿಲಿಗೆ ಮೊದಲು ಸೋಲುವುದು ಹೊಲಿಗೆ. ದಾರವನ್ನು ಉಗುರಿನಿಂದ ಮೀಟಿ. ಕಿತ್ತುಬಂದರೂ ಬಟ್ಟೆ ಗಟ್ಟಿಯಿದ್ದರೆ ಪಟ್ಟಿಗಳು ಕೂಡುವ ಎಲ್ಲ ಜೋಡಣೆಯನ್ನೂ ಮತ್ತೆ ಅಂಕುಡೊಂಕು ಹೊಲಿಗೆಯಲ್ಲಿ ಹೊಲಿಯಿರಿ. ದೊಡ್ಡ ಹಾಯಿಯನ್ನು ಕಿರಿದು ಮಾಡುವಾಗ ಹಿಂದಿನ ಅಂಚನ್ನು ಮುಟ್ಟದೆ, ಕಂಬದ ಕಡೆಯಿಂದಲೂ ಅಡಿಯಿಂದಲೂ ಕತ್ತರಿಸಿ. ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಹೊಲಿದ ಹಾಯಿಯಲ್ಲಿ ಬಟ್ಟೆಯ ನೂಲು ಹಿಂದಿನ ಅಂಚಿಗೆ ಹೊಂದಿಕೊಂಡೇ ಇರುತ್ತದೆ, ಅಲ್ಲಿ ಓರೆ ಕತ್ತರಿಸಿದರೆ ಅಂಚು ಜಗ್ಗಿ ಹಾಯಿ ಚೀಲವಾಗುತ್ತದೆ. ಮಿಕ್ಕ ಬಟ್ಟೆಯಲ್ಲಿ ಮಕ್ಕಳು ಮಲಗುವ ಕಡೆ ಉರುಳದಂತೆ ಅರ್ಧ ಮೀಟರ್ ಎತ್ತರದ ತಡೆ ಹೊಲಿಯಬಹುದು.

ನೀರಿಗಿಳಿಸಿದ ದಿನ ತಳದ ಹಲಗೆಗಳನ್ನೆಲ್ಲ ಎತ್ತಿಟ್ಟು, ಪ್ರತಿ ಸೀಕಾಕ್‌ನ ಕೆಳಗೆ ಒಣ ಕಾಗದ ಇಡಿ. ಕಾಗದ ಒದ್ದೆಯಾದರೆ ಸೋರಿಕೆ ಎಲ್ಲಿ ಎಂದು ಕೂಡಲೇ ಗೊತ್ತಾಗುತ್ತದೆ. ಮೊದಲ ಓಟದ ಬಳಿಕ ಕಂಬ ಹಿಡಿಯುವ ಹೊಸ ತಂತಿಗಳು ಸ್ವಲ್ಪ ಸಡಿಲವಾಗಿರುತ್ತವೆ, ಮತ್ತೆ ಬಿಗಿದು ಪಿನ್ ಹಾಕಿ. ಬ್ಯುಟೈಲ್ ಕೂರಿಸಿದ ನಟ್‌ಗಳನ್ನು ಬಿಸಿಲಿನ ದಿನ ಇನ್ನೊಂದು ಕಾಲು ಸುತ್ತು ಬಿಗಿಯಿರಿ, ಟೇಪು ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ.